ಒಂದು ವಾದ್ಯದ ನಾಲ್ಕು ಅವತಾರಗಳು

ನಮ್ಮ ಗಡಿನಾಡಿನ ಜಾತ್ರೆ, ಉತ್ಸವಗಳಲ್ಲಿ ಗಾನಮೇಳವಿಲ್ಲದ ರಾತ್ರಿ ಈಗ ವಿರಳ. ವೇದಿಕೆಯ ಒಂದು ಮಗ್ಗುಲಲ್ಲಿ, ಹಾರ್ಮೋನಿಯಂನಂತೆ ಕರಿ-ಬಿಳಿ ಮನೆಗಳುಳ್ಳ ಉದ್ದನೆಯ ವಾದ್ಯದ ಹಿಂದೆ ನಿಂತ ಒಬ್ಬನೇ ಕಲಾವಿದನು ಕೊಳಲು, ಪಿಟೀಲು, ವೀಣೆ, ಕಹಳೆಗಳನ್ನೆಲ್ಲ ಹತ್ತು ಬೆರಳುಗಳಿಂದ ನುಡಿಸುವುದನ್ನು ಮಕ್ಕಳು ಬಾಯ್ದೆರೆದು ನೋಡುತ್ತಾರೆ. ಜನರ ಬಾಯಲ್ಲಿ ಅದು ಕೀಬೋರ್ಡ್. ಅದನ್ನು ನುಡಿಸಿ ಸಂಸಾರ ಸಾಗಿಸುವ ತರುಣರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕೆಲವರಿದ್ದಾರೆ. ಇಂತಹವರು ನಾಲ್ಕು ಮಂದಿ ಕೂಡಿದರೆ, ಮಾತು ರಾಗ-ತಾಳಗಳಿಂದ ತೊಡಗಿದರೂ ಬಹುಬೇಗ ಒಂದು ಪ್ರಶ್ನೆಯ ಬಳಿ ಬಂದು ನಿಲ್ಲುತ್ತದೆ: ಕಂಪನಿಯವರು ಹೊಸ ಮಾದರಿಯನ್ನು ಹೊರತಂದಿದ್ದಾರೆ, ಕೈಯಲ್ಲಿರುವುದನ್ನು ಮಾರಿ, ಮೇಲಿಷ್ಟು ಹಣ ಕೂಡಿಸಿ, ಅದನ್ನು ಕೊಳ್ಳಬೇಕೋ ಬೇಡವೋ?

ಹೊರಗಿನವರಿಗೆ ಇದು ಬರಿಯ ಅಂಗಡಿಯ ಪ್ರಶ್ನೆಯಾಗಿ ಕಾಣಬಹುದು. ಆದರೆ ವಾದ್ಯವೆಂಬುದು ಇಸ್ತ್ರಿಪೆಟ್ಟಿಗೆಯಂತಲ್ಲ. ಹೊಸ ಇಸ್ತ್ರಿಪೆಟ್ಟಿಗೆ ಹಳೆಯದಕ್ಕಿಂತ ಚೆನ್ನಾಗಿ ಕಾದರೆ ಆಯಿತು. ಹಳೆಯದನ್ನು ಗುಜರಿಗೆ ಹಾಕಲು ಯಾರೂ ಹಿಂದೆಮುಂದೆ ನೋಡರು. ವಾದ್ಯದ ವಿಷಯದಲ್ಲಿ ಮಾತ್ರ, ತಿದ್ದಿ ಬಂದ ಹೊಸದು ತನ್ನ ಹಳೆಯ ಸಂಗಾತಿಯೇ ಹೌದೋ ಅಲ್ಲವೋ ಎಂಬ ಸಂಶಯವೊಂದು ವಾದಕನ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಈ ಸಂಶಯದ ಪೂರ್ವಾಪರಗಳನ್ನು ಅರಿಯಲು ಪ್ರಾಫೆಟ್-೫ ಎಂಬ ವಾದ್ಯದ ಕಥೆಗಿಂತ ಉತ್ತಮವಾದ ಉದಾಹರಣೆ ನಮಗೆ ಕಾಣಿಸಿಲ್ಲ. ಅದು ಹುಟ್ಟಿದ್ದು ೧೯೭೮ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಹೋಸೆ ನಗರದಲ್ಲಿ. ನಮ್ಮ ನಾಡಿಗೂ ಅದಕ್ಕೂ ನೇರವಾದ ಸಂಬಂಧವೇನೂ ಇಲ್ಲ. ಆದರೂ ನಮ್ಮ ವಾದಕರು ಇಂದು ಎದುರಿಸುತ್ತಿರುವ ಪ್ರಶ್ನೆಯನ್ನು ಅಲ್ಲಿನ ವಾದಕರು ನಲುವತ್ತು ವರ್ಷಗಳಿಗೂ ಹಿಂದೆ, ಇನ್ನಷ್ಟು ತೀವ್ರವಾಗಿ ಎದುರಿಸಿದ್ದರು.

ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಆದುದರಿಂದ ಮೊದಲು ವಾದ್ಯದ ಪರಿಚಯ. ಗಾನಮೇಳದ ಕೀಬೋರ್ಡಿನಲ್ಲಿ ಕೇಳುವ ಧ್ವನಿಗಳು ಬಹುತೇಕ ಮೊದಲೇ ಮುದ್ರಿಸಿ ತುಂಬಿಟ್ಟವು. ಮನೆಯನ್ನು ಒತ್ತಿದಾಗ ಆ ಮುದ್ರಣ ಹೊರಬರುತ್ತದೆ. ನಿಜಾರ್ಥದ ಸಿಂಥಸೈಸರ್ ಹಾಗಲ್ಲ. ಅದು ಧ್ವನಿಯನ್ನು ಅಡಿಪಾಯದಿಂದಲೇ ಕಟ್ಟುತ್ತದೆ. ಅದರೊಳಗೆ ಆಂದೋಲಕವೆಂಬ ವಿದ್ಯುನ್ಮಂಡಲವಿದ್ದು, ಅದು ಒರಟಾದ, ತುಂಬಿದ ಒಂದು ಸ್ವರವನ್ನು ಎಡೆಬಿಡದೆ ಹುಟ್ಟಿಸುತ್ತಿರುತ್ತದೆ. ಆ ಒರಟು ಸ್ವರವು ಫಿಲ್ಟರ್ ಎಂಬ ಇನ್ನೊಂದು ಮಂಡಲದ ಮೂಲಕ ಹಾಯುವಾಗ ಬೇಡದ ಅಂಶಗಳು ಸೋಸಿಹೋಗಿ, ಬೇಕಾದ ಬಣ್ಣ ಉಳಿಯುತ್ತದೆ. ಎಷ್ಟು ಸೋಸಬೇಕು, ಸ್ವರ ಮೆಲ್ಲನೆ ಏಳಬೇಕೋ ಥಟ್ಟನೆ ಏಳಬೇಕೋ ಎಂಬುದನ್ನೆಲ್ಲ ನಿರ್ಧರಿಸುವುದಕ್ಕೆ, ಹಳೆಯ ರೇಡಿಯೋಗಳಲ್ಲಿದ್ದಂತಹ ತಿರುಗುಣಿಗಳು ವಾದ್ಯದ ಮೈತುಂಬ ಇರುತ್ತವೆ.

ನ್ಯೂಯಾರ್ಕ್ ಸಂಸ್ಥಾನದಲ್ಲಿ ರಾಬರ್ಟ್ ಮೂಗ್ ಅವರ ಕಂಪನಿ ೧೯೭೦ರಲ್ಲಿ ಹೊರತಂದ ಮಿನಿಮೂಗ್ ಎಂಬುದು ಇಂತಹ ವಾದ್ಯಗಳಲ್ಲಿ ಜನಪ್ರಿಯವಾದುದು. ಅದರ ನಾದಕ್ಕೆ ಮನಸೋಲದವರಿಲ್ಲ. ಆದರೆ ಅದರಲ್ಲಿ ಎರಡು ಕೊರತೆಗಳಿದ್ದುವು. ಒಂದು ಸಲಕ್ಕೆ ಒಂದೇ ಸ್ವರ. ಮತ್ತು ತಿರುಗುಣಿಗಳನ್ನು ಹೊಂದಿಸಿ ಪಡೆದ ಧ್ವನಿಯನ್ನು ನೆನಪಿಟ್ಟುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ವಾದಕನು ಚೀಟಿಯಲ್ಲಿ ಬರೆದಿಟ್ಟ ಗುರುತುಗಳನ್ನು ನೋಡುತ್ತ, ವೇದಿಕೆಯ ಅರೆಗತ್ತಲಲ್ಲಿ ಒಂದೊಂದೇ ತಿರುಗುಣಿಯನ್ನು ತಿರುಗಿಸುತ್ತಿರಬೇಕು. ಹಲವು ಸ್ವರಗಳನ್ನು ಒಮ್ಮೆಗೇ ನುಡಿಸಬಲ್ಲ ದೊಡ್ಡ ವಾದ್ಯಗಳು ಅನಂತರ ಬಂದುವು. ಅವುಗಳಲ್ಲಿ ಒಂದಾದ ಯಮಾಹಾ ಕಂಪನಿಯ ಸಿ.ಎಸ್.-೮೦ ಸುಮಾರು ಒಂದು ಕ್ವಿಂಟಲ್ ತೂಗುತ್ತಿತ್ತು. ವಾದ್ಯವನ್ನು ಹೊರುವುದಕ್ಕೇ ನಾಲ್ಕಾಳು ಬೇಕಾದರೆ ಬಡ ವಾದಕನ ಗತಿಯೇನು?

ಈ ಹೊತ್ತಿಗೆ ಡೇವ್ ಸ್ಮಿತ್ ಎಂಬ ತರುಣ ಇಂಜಿನಿಯರ್ ರಂಗಕ್ಕೆ ಬಂದರು. ೧೯೭೨ರಲ್ಲಿ ಮಿನಿಮೂಗ್ ಒಂದನ್ನು ಕೊಂಡಿದ್ದ ಅವರು, ೧೯೭೪ರಲ್ಲಿ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಎಂಬ ಚಿಕ್ಕ ಕಂಪನಿಯನ್ನು ತೆರೆದು ಇತರ ವಾದ್ಯಗಳಿಗೆ ಬೇಕಾದ ಉಪಕರಣಗಳನ್ನು ತಯಾರಿಸುತ್ತಿದ್ದರು. ಅದೇ ಕಾಲದಲ್ಲಿ ಮೈಕ್ರೋಪ್ರೊಸೆಸರ್ ಎಂಬ ಪುಟ್ಟ ಲೆಕ್ಕಿಗನು ಅಗ್ಗವಾಗಿ ದೊರೆಯತೊಡಗಿದ್ದ. ಈ ಲೆಕ್ಕಿಗನನ್ನು ವಾದ್ಯದೊಳಗೆ ಕುಳ್ಳಿರಿಸಿದರೆ ತಿರುಗುಣಿಗಳ ಸ್ಥಾನಗಳನ್ನೆಲ್ಲ ಅವನೇ ನೆನಪಿಡಬಹುದಲ್ಲವೆ ಎಂದು ಸ್ಮಿತ್ ಯೋಚಿಸಿದರು. ದೊಡ್ಡ ಕಂಪನಿಗಳು ಈ ಕೆಲಸವನ್ನು ಮಾಡಿಯೇ ಮಾಡುತ್ತವೆಂದು ಕಾದರು, ಯಾರೂ ಮಾಡಲಿಲ್ಲ. ತಾವೇ ಕುಳಿತು ಮಾಡಿದರು. ೧೯೭೮ರ ಜನವರಿಯಲ್ಲಿ ವಾದ್ಯ ವ್ಯಾಪಾರಿಗಳ ಪ್ರದರ್ಶನದಲ್ಲಿ ಪ್ರಾಫೆಟ್-೫ ಕಾಣಿಸಿಕೊಂಡಿತು. ಒಮ್ಮೆಗೆ ಐದು ಸ್ವರ, ನೆನಪಿನಲ್ಲಿ ನಲುವತ್ತು ಧ್ವನಿ, ಒಬ್ಬನೇ ಎತ್ತಬಹುದಾದ ಗಾತ್ರ. ಆ ನಲುವತ್ತು ಧ್ವನಿಗಳನ್ನು ಹೊಂದಿಸಿಕೊಟ್ಟವರು ಜಾನ್ ಬೊವೆನ್. ಬೆಲೆ ೩,೯೯೫ ಡಾಲರ್. ಅಂದಿನ ಅಮೆರಿಕದಲ್ಲಿ ಅಷ್ಟು ಹಣಕ್ಕೆ ಹೊಸ ಸಣ್ಣ ಕಾರೊಂದು ಬರುತ್ತಿತ್ತು.

ಇನ್ನು ಅದರ ದೋಷಕ್ಕೆ ಬರೋಣ. ಕಥೆಯ ಜೀವವಿರುವುದೇ ಅಲ್ಲಿ.

ಮಳೆಗಾಲದ ತೇವಕ್ಕೆ ಚೆಂಡೆ-ಮದ್ದಳೆಗಳ ಚರ್ಮ ಸಡಿಲಿ ಸ್ವರ ಇಳಿಯುವುದನ್ನು ನಾವೆಲ್ಲ ಬಲ್ಲೆವು. ವಿದ್ಯುತ್ತಿನ ಆಂದೋಲಕಕ್ಕೆ ಚರ್ಮವಿಲ್ಲ, ತಂತಿಯಿಲ್ಲ. ಆದರೂ ಅದು ಹವೆಗೆ ಅಂಜುತ್ತದೆ. ಅದರ ಸ್ವರದ ಎತ್ತರವನ್ನು ಆಳುವುದು ವೋಲ್ಟೇಜ್. ಒಂದು ವೋಲ್ಟ್ ಏರಿಸಿದರೆ ಸ್ವರವು ಒಂದು ಸ್ಥಾಯಿ ಏರಬೇಕೆಂಬುದು ಇಂತಹ ಬಹುತೇಕ ವಾದ್ಯಗಳಲ್ಲಿರುವ ಕಟ್ಟಳೆ. ಈ ಲೆಕ್ಕವನ್ನು ನಡೆಸುವ ಟ್ರಾನ್ಸಿಸ್ಟರ್ ಮಾತ್ರ ಬಿಸಿ ತಗಲಿದೊಡನೆ ಲೆಕ್ಕ ತಪ್ಪುತ್ತದೆ. ತಡೆಯುವ ಏರ್ಪಾಡೇನೂ ಇಲ್ಲದಿದ್ದರೆ, ಉಷ್ಣತೆಯು ಒಂದು ಸೆಲ್ಸಿಯಸ್ ಡಿಗ್ರಿ ಏರಿದಾಗ ಪ್ರತಿಯೊಂದು ಸ್ಥಾಯಿಯೂ ಸುಮಾರು ಮುನ್ನೂರರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಪಾಶ್ಚಾತ್ಯರು ಒಂದು ಸ್ಥಾಯಿಯನ್ನು ೧,೨೦೦ ಸೆಂಟ್‌ಗಳಾಗಿ ಅಳೆಯುತ್ತಾರೆ. ಆ ಅಳತೆಯಲ್ಲಿ ಇದು ೪ ಸೆಂಟ್. ಪ್ರಾಫೆಟ್-೫ಕ್ಕೆ ೬೧ ಮನೆಗಳು, ಎಂದರೆ ಐದು ಸ್ಥಾಯಿಗಳು. ಕೆಳಗಿನ ತುದಿಯಿಂದ ಮೇಲಿನ ತುದಿ ಮುಟ್ಟುವಷ್ಟರಲ್ಲಿ ೨೦ ಸೆಂಟ್ ಜಾರಿತು. ನಮ್ಮ ಶಾಸ್ತ್ರಕಾರರ ಪ್ರಮಾಣಶ್ರುತಿಯು ಸುಮಾರು ೨೨ ಸೆಂಟ್ ಎಂಬುದನ್ನು ಜ್ಞಾಪಿಸಿಕೊಂಡರೆ, ಒಂದೇ ಒಂದು ಡಿಗ್ರಿಯ ಬಿಸಿಯು ಹೆಚ್ಚುಕಡಮೆ ಒಂದು ಶ್ರುತಿಯನ್ನೇ ನುಂಗಬಲ್ಲುದೆಂದು ತಿಳಿಯುತ್ತದೆ. ತಯಾರಕರು ಇದಕ್ಕೆ ಪ್ರತಿಬಂಧಕಗಳನ್ನು ಇಟ್ಟೇ ಇರುತ್ತಾರೆ. ಆದರೆ ವೇದಿಕೆಯ ದೀಪಗಳು ಡಿಗ್ರಿಗಟ್ಟಲೆ ಕಾಯಿಸುವಾಗ ಎಷ್ಟು ಪ್ರತಿಬಂಧಕವಿದ್ದರೂ ಸ್ವಲ್ಪ ಜಾರಿಯೇ ಜಾರುತ್ತದೆ.

ಪ್ರಾಫೆಟ್-೫ರಲ್ಲಿ ಸ್ವರಕ್ಕೆ ಎರಡರಂತೆ ಹತ್ತು ಆಂದೋಲಕಗಳು. ಹತ್ತೂ ಒಂದೇ ಬಗೆಯಾಗಿ ಜಾರಿದರೆ ಚಿಂತೆಯಿಲ್ಲ. ಜಾರುವುದು ಮಾತ್ರ ಒಂದೊಂದು ಒಂದೊಂದು ದಾರಿಗೆ. ಆದುದರಿಂದ ಸ್ಮಿತ್ ಅವರು ವಾದ್ಯದ ಮೇಲೆ ಶ್ರುತಿ ಕೂಡಿಸುವ ಗುಂಡಿಯೊಂದನ್ನು ಇಟ್ಟಿದ್ದರು. ಅದನ್ನು ಒತ್ತಿದರೆ ಒಳಗಿನ ಲೆಕ್ಕಿಗನು ಹತ್ತು ಆಂದೋಲಕಗಳನ್ನೂ ಒಂದಾದ ಮೇಲೊಂದರಂತೆ ಅಳೆದು ತಿದ್ದುತ್ತಾನೆ. ತಿದ್ದಿ ಮುಗಿಯುವ ತನಕ ವಾದಕನು ಸುಮ್ಮನಿರಬೇಕು. ಮನೆಯಲ್ಲಾದರೆ ಸರಿ, ಸಾವಿರಾರು ಮಂದಿ ಎದುರು ಕುಳಿತಿರುವಾಗ ಅಷ್ಟು ಕ್ಷಣಗಳ ಮೌನವೂ ಬಹಳ ಉದ್ದ.

ಮೊದಲನೆಯ ಆವೃತ್ತಿಯ ವಾದ್ಯಗಳು ಇನ್ನೂರಕ್ಕಿಂತಲೂ ಕಡಿಮೆ. ಕೈಯಿಂದ ಜೋಡಿಸಿದ ಅವು ಮೇಲಿಂದ ಮೇಲೆ ಕೆಡುತ್ತಿದ್ದುವು. ಬೇಗನೆ ಎರಡನೆಯ ಆವೃತ್ತಿ ಬಂತು. ಅದರ ಮೈಕಟ್ಟು ಭದ್ರವಾಯಿತಾದರೂ, ಒಳಗಿನ ಆಂದೋಲಕ-ಫಿಲ್ಟರುಗಳು ಮೊದಲಿನವೇ. ಎಸ್.ಎಸ್.ಎಂ. ಎಂಬ ಕಂಪನಿಯ, ಡೇವ್ ರಾಸಮ್ ಅವರು ರೂಪಿಸಿದ ಚಿಪ್‌ಗಳು ಅವು. ಶ್ರುತಿ ನಿಲ್ಲದ ಕಾಟವೂ ಉಳಿಯಿತು. ೧೯೮೦ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಸ್ಮಿತ್ ಗಟ್ಟಿ ಮನಸ್ಸು ಮಾಡಿದರು. ಹಳೆಯ ಚಿಪ್‌ಗಳನ್ನೆಲ್ಲ ಕಿತ್ತು, ಡಗ್ ಕರ್ಟಿಸ್ ಎಂಬವರು ರೂಪಿಸಿದ ಬೇರೆಯೇ ಚಿಪ್‌ಗಳನ್ನು ಕೂಡಿಸಿದರು. ಅದಕ್ಕಾಗಿ ಒಳಗಿನ ಮಂಡಲವನ್ನು ಹೊಸದಾಗಿಯೇ ರಚಿಸಬೇಕಾಯಿತು. ಹೊರಗಿನ ಮರದ ಚೌಕಟ್ಟು, ತಿರುಗುಣಿಗಳ ಸಾಲು, ಹೆಸರು ಎಲ್ಲ ಹಿಂದಿನಂತೆಯೇ. ಶ್ರುತಿ ನಿಂತಿತು. ವಾದ್ಯ ಕೆಡುವುದು ಕಡಿಮೆಯಾಯಿತು.

ಆಗ ಎರಡನೆಯ ಆವೃತ್ತಿಯನ್ನು ಇಟ್ಟುಕೊಂಡಿದ್ದ ವಾದಕನ ಸ್ಥಿತಿಯನ್ನು ಊಹಿಸಿರಿ. ಅವನ ವಾದ್ಯಕ್ಕೆ ಒಂದೆರಡು ಚಿಪ್ ಬದಲಿಸಿ ಹೊಸದರಂತೆ ಮಾಡುವಂತಿಲ್ಲ. ಒಳಗಿನದೆಲ್ಲ ಬೇರೆಯಾದುದರಿಂದ, ಬೇಕಿದ್ದರೆ ಹೊಸ ವಾದ್ಯವನ್ನೇ ಕೊಳ್ಳಬೇಕು. ಸಣ್ಣ ಕಾರಿನ ಬೆಲೆಯನ್ನು ಎರಡನೆಯ ಸಲ ತೆರಬೇಕು.

ಊರೂರು ತಿರುಗಿ ನುಡಿಸುವವನಿಗೆ ನಿರ್ಣಯ ಅಷ್ಟೇನೂ ಕಷ್ಟವಲ್ಲವೆಂದು ನಮ್ಮ ಭಾವನೆ. ರಾತ್ರಿಯೆಲ್ಲ ಲಾರಿಯಲ್ಲಿ ಚಳಿಗೆ ಮರಗಟ್ಟಿದ ವಾದ್ಯವನ್ನು ಸಂಜೆ ಉರಿಯುವ ದೀಪಗಳ ಕೆಳಗೆ ಇಟ್ಟು ನುಡಿಸುವವನಿಗೆ, ನಾದದ ಸೂಕ್ಷ್ಮಕ್ಕಿಂತ ಮೊದಲು ನಂಬಿಕೆ ಬೇಕು. ಕಛೇರಿಯ ನಡುವೆ ವಾದ್ಯ ಕೈಕೊಟ್ಟರೆ ಹೋಗುವುದು ಅವನ ಅನ್ನ. ಅವನು ಮೂರನೆಯದನ್ನು ಕೊಂಡನು, ಕೊಂಡುದು ಸರಿ. ಧ್ವನಿಮುದ್ರಣದ ಕೋಣೆಯಲ್ಲಿ ಕೆಲಸ ಮಾಡುವವನ ಮಾತು ಬೇರೆ. ಅಲ್ಲಿ ಹವೆ ಒಂದೇ ಸಮನಾಗಿರುತ್ತದೆ. ಶ್ರುತಿ ಜಾರಿದರೆ ಗುಂಡಿ ಒತ್ತಿ ಕಾಯಬಹುದು. ಕೆಟ್ಟರೆ ನಾಳೆ ಮುದ್ರಿಸಬಹುದು. ಅವನು ಎರಡು ವಾದ್ಯಗಳನ್ನೂ ಅಕ್ಕಪಕ್ಕದಲ್ಲಿಟ್ಟು ಕೇಳಿದನು. ಕೇಳಿ ತಲೆದೂಗಲಿಲ್ಲ. ಹಳೆಯದರಲ್ಲಿ ಏನೋ ಒಂದು ಮಿದುತನ, ಮಾಗಿದ ತುಂಬುತನವಿತ್ತು. ಹೊಸದು ಸ್ವಚ್ಛ, ಸ್ಫುಟ, ಆದರೆ ಬಿಗಿ ಎಂದು ಹಳೆಯದರ ಪಕ್ಷದವರು ಅಂದಿನಿಂದ ಇಂದಿನವರೆಗೂ ಹೇಳುತ್ತ ಬಂದಿದ್ದಾರೆ.

ಇದು ಬರಿಯ ಮೋಹವೋ, ನಿಜವೋ? ನಿಜದ ಅಂಶ ಇದ್ದೇ ಇದೆ. ಫಿಲ್ಟರ್ ಬದಲಾದರೆ ಬಣ್ಣ ಬದಲಾಗಬೇಕಾದುದು ಸಹಜ. ಎರಡು ಮನೆಗಳ ಬಾವಿನೀರಿನಲ್ಲಿ ಕುದಿಸಿದ ಒಂದೇ ಚಹಾಪುಡಿಯ ರುಚಿ ಬೇರೆಯಾಗುವಂತೆ. ಇನ್ನೊಂದು ಅಂಶ ಹೆಚ್ಚು ಸ್ವಾರಸ್ಯದ್ದು. ತಂಬೂರಿಯನ್ನು ಮೀಟಿದವರಿಗೆ ಇದು ಸುಲಭವಾಗಿ ತಿಳಿದೀತು. ತಂಬೂರಿಯ ನಡುವಣ ಎರಡು ಸಾರಣಿ ತಂತಿಗಳು ಷಡ್ಜಕ್ಕೇ ಕೂಡಿರುತ್ತವೆ. ಅವೆರಡು ಕೂದಲೆಳೆಯಷ್ಟು ಬೇರೆಯಾಗಿದ್ದರೆ, ಎರಡರ ನಾದವೂ ಬೆರೆತು ನಿಧಾನವಾದ ಅಲೆಯೊಂದು ಏಳುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ಇದಕ್ಕೆ ವಿಸ್ಪಂದನ ಎನ್ನುತ್ತೇವೆ. ಒಂದು ಸೆಕೆಂಡಿಗೆ ೪೪೦ ಸಲ ಕಂಪಿಸುವ ಸ್ವರದ ಜತೆಗೆ ೪೪೧ ಸಲ ಕಂಪಿಸುವ ಸ್ವರ ಸೇರಿದರೆ ಸೆಕೆಂಡಿಗೊಂದು ಅಲೆ. ಅಂತರವು ೪ ಸೆಂಟ್ ಮಾತ್ರ. ಕಿವಿಗೆ ಅಪಶ್ರುತಿಯಾಗಿ ತೋರದು, ಜೀವಂತಿಕೆಯಾಗಿ ತೋರುತ್ತದೆ. ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಅರುವತ್ತು ಮಕ್ಕಳು ಕೂಡಿ ಹಾಡುವಾಗ ಬರುವ ತುಂಬುತನವು, ಅವರಲ್ಲಿ ಅತಿ ಚೆನ್ನಾಗಿ ಹಾಡುವ ಒಬ್ಬ ಹುಡುಗಿಯ ಧ್ವನಿಯನ್ನು ಅರುವತ್ತು ಪಟ್ಟು ದೊಡ್ಡದು ಮಾಡಿದರೆ ಬರುವುದೇ? ಅರುವತ್ತು ಕಂಠಗಳೂ ಚೂರುಚೂರು ಬೇರೆಯಾಗಿರುವುದರಿಂದಲೇ ಅದು ಬರುತ್ತದೆ. ಪ್ರಾಫೆಟ್-೫ರ ಹತ್ತು ಆಂದೋಲಕಗಳು ಒಂದನ್ನೊಂದು ಪೂರ್ತಿ ಒಪ್ಪದೆ ಇದ್ದಾಗ ಹುಟ್ಟುತ್ತಿದ್ದುದೂ ಇಂತಹುದೇ. ಇಂಜಿನಿಯರನ ಲೆಕ್ಕದಲ್ಲಿ ದೋಷವಾಗಿದ್ದುದು ವಾದಕನ ಕಿವಿಯಲ್ಲಿ ಆಗಲೇ ಗುಣವಾಗಿ ಬೇರೂರಿತ್ತು.

ಮೂರನೆಯ ತೊಡಕೊಂದಿತ್ತು, ಅದನ್ನು ಅಂಗಡಿಯವರು ಹೇಳುವುದಿಲ್ಲ. ವಾದಕನು ರಾತ್ರಿಗಳನ್ನು ಕಳೆದು ಕೂಡಿಸಿದ ಆ ನಲುವತ್ತು ಧ್ವನಿಗಳ ಪಾಡೇನು? ವಾದ್ಯವು ನೆನಪಿಡುವುದು ಧ್ವನಿಯನ್ನಲ್ಲ; ಯಾವ ತಿರುಗುಣಿ ಎಲ್ಲಿತ್ತೆಂಬ ಅಂಕೆಗಳನ್ನು ಮಾತ್ರ. ಅಜ್ಜಿಯ ಸಾರಿನ ಪಾಕವನ್ನು ಕಾಗದದಲ್ಲಿ ಬರೆದುಕೊಂಡ ಸೊಸೆಗೆ ಅಜ್ಜಿಯ ಸಾರು ಬಂದೀತೆಂಬ ಭರವಸೆಯಿಲ್ಲ. ಬೇರೆ ಫಿಲ್ಟರಿನ ಮೇಲೆ ಅದೇ ಅಂಕೆ ಬೇರೆ ಧ್ವನಿಯನ್ನು ಕೊಡುತ್ತದೆ. ಆದುದರಿಂದ ಹೊಸ ಆವೃತ್ತಿಗೆ ಹೋದವನು ತನ್ನ ಧ್ವನಿಗಳನ್ನು ಒಂದೊಂದಾಗಿ ಕಿವಿಯಿಂದಲೇ ಮತ್ತೆ ಹುಡುಕಬೇಕಾಯಿತು. ಬೆಲೆಪಟ್ಟಿಯಲ್ಲಿ ಕಾಣಿಸದ ಈ ಖರ್ಚನ್ನು ನಮ್ಮ ಗಾನಮೇಳದ ತರುಣರೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಹಾಗೆಂದು ಹಳೆಯದನ್ನು ಹಾಡಿ ಹೊಗಳುವವರ ಮಾತನ್ನು ಪೂರ್ತಿಯಾಗಿ ನಂಬಲೂ ನಾವು ಸಿದ್ಧರಿಲ್ಲ. ೧೯೮೪ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಒಟ್ಟು ಸುಮಾರು ೬,೦೦೦ ಪ್ರಾಫೆಟ್-೫ಗಳು ಹೊರಬಂದಿದ್ದುವು. ಅವುಗಳಲ್ಲಿ ಬಹುಪಾಲು ಮೂರನೆಯ ಆವೃತ್ತಿಯವೇ. ಜಗತ್ತು ಮೆಚ್ಚಿದ ಪ್ರಾಫೆಟ್ ಧ್ವನಿ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ದೊಡ್ಡ ಭಾಗವು ಆ ‘ಬಿಗಿ’ ವಾದ್ಯದಿಂದಲೇ ಬಂದಿರಬೇಕಷ್ಟೆ. ಮೊದಲನೆಯ ಆವೃತ್ತಿಯನ್ನು ಕಣ್ಣಾರೆ ಕಂಡವರೇ ವಿರಳವಾದುದರಿಂದ ಅದರ ಕೀರ್ತಿ ಬೆಳೆದಿದೆ; ದೂರದ ಬೆಟ್ಟ ನುಣ್ಣಗೆ. ಅಲ್ಲದೆ ನಲುವತ್ತು ವರ್ಷ ಸವೆದ ಯಾವ ಎರಡು ವಾದ್ಯಗಳೂ ಈಗ ಒಂದರಂತೆ ಒಂದು ಇರಲಾರವು. ಯಾರೋ ಒಬ್ಬರ ಮನೆಯ ಒಂದು ಹಳೆಯ ವಾದ್ಯವನ್ನು ಕೇಳಿ ಆವೃತ್ತಿಯ ಗುಣವನ್ನೇ ಸಾರುವುದು, ಒಬ್ಬ ಹುಡುಗನನ್ನು ನೋಡಿ ಊರಿನ ಶಾಲೆಯನ್ನು ಅಳೆದಂತೆ.

ಕೊಳ್ಳುವವರ ಚಿಂತೆಗೆ ೧೯೮೩ ಇನ್ನೊಂದು ತಿರುವನ್ನು ತಂದಿತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರೊಡನೊಂದು ಮಾತನಾಡಲು ಬೇಕಾದ ಮಿಡಿ ಎಂಬ ಸಾಮಾನ್ಯ ಭಾಷೆ ಆ ವರ್ಷ ಬಳಕೆಗೆ ಬಂತು. ಅದಕ್ಕಾಗಿ ಹೆಣಗಿದವರಲ್ಲಿ ಮುಖ್ಯರು ಇದೇ ಡೇವ್ ಸ್ಮಿತ್ ಮತ್ತು ಜಪಾನಿನ ರೋಲೆಂಡ್ ಕಂಪನಿಯ ಇಕುತಾರೋ ಕಾಕೆಹಾಶಿ. ಈ ಸೇವೆಗಾಗಿ ೨೦೧೩ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಅದೇ ೧೯೮೩ರಲ್ಲಿ ಯಮಾಹಾ ಕಂಪನಿಯ ಡಿ.ಎಕ್ಸ್.-೭ ಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಅವರು ೧೯೬೭ರಲ್ಲಿ ಕಂಡುಹಿಡಿದ ವಿಧಾನದಂತೆ ಅದು ಧ್ವನಿಯನ್ನು ಅಂಕೆಗಳ ಲೆಕ್ಕದಿಂದಲೇ ಕಟ್ಟುತ್ತಿತ್ತು. ಬಿಸಿಗೆ ಜಾರುವ ಪ್ರಶ್ನೆಯೇ ಇಲ್ಲ. ಒಮ್ಮೆಗೆ ಹದಿನಾರು ಸ್ವರ. ಬೆಲೆ ೧,೯೯೫ ಡಾಲರ್. ಒಂದೂವರೆ ಲಕ್ಷಕ್ಕೂ ಮಿಕ್ಕಿ ಮಾರಾಟವಾದ ಅದರ ಮುಂದೆ ಪ್ರಾಫೆಟ್‌ನಂತಹ ವಾದ್ಯಗಳು ಮೂಲೆ ಸೇರಿದುವು. ಸೀಕ್ವೆನ್ಷಿಯಲ್ ಕಂಪನಿ ೧೯೮೭ರಲ್ಲಿ ಬಾಗಿಲು ಮುಚ್ಚಿತು. ಅದನ್ನು ಕೊಂಡುದು ಯಮಾಹಾ.

ಸೋಜಿಗವೆಂದರೆ, ಗೆದ್ದ ಡಿ.ಎಕ್ಸ್.-೭ಕ್ಕೂ ಇದೇ ಗತಿ ಕಾದಿತ್ತು. ಆ ೧೯೮೭ರ ಹೊತ್ತಿಗೆ ಅದರ ಪರಿಷ್ಕೃತ ರೂಪವಾದ ಡಿ.ಎಕ್ಸ್.-೭-೨ ಮಾರುಕಟ್ಟೆಗೆ ಬಂತು. ಮೊದಲಿನದರಲ್ಲಿ ಅಂಕೆಗಳನ್ನು ಧ್ವನಿಯಾಗಿ ಪರಿವರ್ತಿಸುವ ಭಾಗದ ಸೂಕ್ಷ್ಮತೆ ೧೨ ಬಿಟ್‌ಗಳಷ್ಟಿತ್ತು. ಎರಡನೆಯದರಲ್ಲಿ ೧೬ ಬಿಟ್. ಮೊದಲಿನದರಲ್ಲಿ ಕಿವಿಗೊಟ್ಟು ಕೇಳಿದರೆ ತಿಳಿಯುವ ಸಣ್ಣ ಮರಳುಮರಳಾದ ಕರಕರ ಮಾಯವಾಯಿತು. ನುಡಿಸುವವರಲ್ಲಿ ಒಂದು ಪಂಗಡವು ಆ ಕರಕರವೇ ತಮಗೆ ಬೇಕೆಂದಿತು! ಹೊರಗಿನ ಇನ್ನೊಂದು ಸಂಸ್ಥೆ ಹಳೆಯ ವಾದ್ಯದ ಹೊಟ್ಟೆಯೊಳಗೇ ಕೂಡಿಸಬಹುದಾದ ಫಲ್ಕವೊಂದನ್ನು ಮಾರಿತು. ಹಳೆಯ ನಾದವನ್ನು ಉಳಿಸಿಕೊಂಡೇ ಹೊಸ ಅನುಕೂಲಗಳನ್ನು ಪಡೆಯುವ ನಡುದಾರಿ ಅದು. ಆದರೆ ನಮ್ಮ ಸಂಗೀತದ ದೃಷ್ಟಿಯಿಂದ ನೋಡಿದರೆ ಹೊಸದರಲ್ಲಿ ಒಂದು ಅಮೂಲ್ಯವಾದ ಸೌಲಭ್ಯವಿತ್ತು: ಹನ್ನೆರಡು ಸಮಭಾಗಗಳ ಕಟ್ಟನ್ನು ಬಿಟ್ಟು ಪ್ರತಿಯೊಂದು ಮನೆಯ ಸ್ವರವನ್ನೂ ನಮಗೆ ಬೇಕಾದಷ್ಟು ಏರಿಳಿಸಿಕೊಳ್ಳುವ ಅವಕಾಶ. ಸ್ವರಸ್ಥಾನಗಳು ಬಿಗಿದು ನಿಂತಿವೆಯೆಂಬ ಆಕ್ಷೇಪದಿಂದ ೧೯೪೦ರಿಂದ ೧೯೭೧ರವರೆಗೆ ಹಾರ್ಮೋನಿಯಂ ಆಕಾಶವಾಣಿಯಿಂದ ಹೊರಗಿದ್ದುದನ್ನು ಬಲ್ಲ ನಮಗೆ ಇದರ ಬೆಲೆ ತಿಳಿಯುತ್ತದೆ. ಕರಕರಕ್ಕಾಗಿ ಹಳೆಯದನ್ನೇ ಅಪ್ಪಿಕೊಂಡವನಿಗೆ ಈ ಸೌಲಭ್ಯ ದಕ್ಕಲಿಲ್ಲ. ಗಾಂಧಾರ-ಧೈವತಗಳ ಸೂಕ್ಷ್ಮ ಬೇಕಾದವನಿಗೆ ಹೊಸದೇ ಬೇಕು. ಯಾವುದು ಉತ್ತಮವೆಂದು ವಾದ್ಯವನ್ನು ಮಾತ್ರ ನೋಡಿ ಹೇಳಲಾಗದು. ನುಡಿಸುವವನು ಏನನ್ನು ನುಡಿಸುತ್ತಾನೆ ಎಂಬುದನ್ನೂ ಕೇಳಬೇಕು.

ನಮ್ಮ ಕಡೆಯ ಯಕ್ಷಗಾನವೂ ಇಂತಹ ಪಲ್ಲಟಗಳನ್ನು ಕಂಡುದೇ. ಭಾಗವತರ ಶ್ರುತಿಗೆ ಹಿಂದೆ ಪುಂಗಿ ಇತ್ತು, ಅನಂತರ ಹಾರ್ಮೋನಿಯಂ ಬಂತು, ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಂಬೂರಿ ಸಂಗೀತ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಪರಿಚಿತ ವಸ್ತು. ಸ್ವರ ಎಂದೂ ಕದಲದ ಅದರೆದುರು ಕುಳಿತು ಅಭ್ಯಾಸ ಮಾಡುವುದು ಸುಲಭ; ತಂಬೂರಿಯ ತಂತಿಯನ್ನು ತಾನೇ ತಿರುಚಿ, ಜೀವಾಳಿಯ ನೂಲನ್ನು ಸರಿಸಿ ಸ್ವರ ಹುಡುಕುವ ಪಾಠ ಮಾತ್ರ ಅಲ್ಲಿಗೆ ಬಿಟ್ಟುಹೋಗುತ್ತದೆ. ಇದು ಬೇರೆಯೇ ಒಂದು ಲೇಖನಕ್ಕೆ ವಿಷಯ.

ಪ್ರಾಫೆಟ್‌ಗೆ ಮರಳೋಣ. ಮೂಲೆ ಸೇರಿದ್ದ ಹಳೆಯ ವಾದ್ಯಗಳನ್ನು ಜನ ಮೆಲ್ಲನೆ ಮತ್ತೆ ಹೊರತೆಗೆದರು. ೨೦೦೦ದಲ್ಲಿ ಇಂಗ್ಲೆಂಡಿನ ರೇಡಿಯೋಹೆಡ್ ತಂಡದವರ ‘ಕಿಡ್ ಎ’ ಎಂಬ ಧ್ವನಿಮುದ್ರಿಕೆಯ ಮೊದಲ ಹಾಡೇ ಪ್ರಾಫೆಟ್-೫ರ ನಾದದಿಂದ ತೆರೆದುಕೊಂಡಿತು. ಅಂಕೆಗಳ ಯುಗದ ನಡುಮಧ್ಯೆ ಇಪ್ಪತ್ತು ವರ್ಷ ಹಳೆಯ ವಾದ್ಯ! ಬೇಡಿಕೆ ಏರಿತು, ಬೆಲೆ ಏರಿತು, ಆದರೆ ರಿಪೇರಿಗೆ ಬೇಕಾದ ಚಿಪ್‌ಗಳು ಸಿಕ್ಕದಾದುವು. ಕರ್ಟಿಸ್ ೨೦೦೭ರಲ್ಲಿ ತೀರಿಕೊಂಡರು. ಅವರ ಆಂದೋಲಕದ ಚಿಪ್‌ನ ತಯಾರಿಕೆ ೨೦೧೬ರಲ್ಲಿ ಮರಳಿ ಆರಂಭವಾಯಿತು. ಅದಕ್ಕೆ ಒಂದು ವರ್ಷ ಮೊದಲು, ೨೦೧೫ರಲ್ಲಿ, ಯಮಾಹಾ ಕಂಪನಿಯು ಸೀಕ್ವೆನ್ಷಿಯಲ್ ಎಂಬ ಹೆಸರನ್ನು ಸ್ಮಿತ್ ಅವರಿಗೆ ಹಿಂದಿರುಗಿಸಿತ್ತು. ವ್ಯಾಪಾರದ ಲೋಕದಲ್ಲಿ ಇಂತಹ ಸೌಜನ್ಯವನ್ನು ನಾವು ದಿನಾಲೂ ಕಾಣುವುದಿಲ್ಲ.

ನಾಲ್ಕನೆಯ ಅವತಾರ ೨೦೨೦ರ ಅಕ್ಟೋಬರಿನಲ್ಲಿ ಆಯಿತು. ನಲುವತ್ತು ವರ್ಷಗಳ ಕಾಲ ವಾದಕರು ವಾದಿಸುತ್ತ ಬಂದ ಪ್ರಶ್ನೆಗೆ ಸ್ಮಿತ್ ಕೊಟ್ಟ ಉತ್ತರ ರಸವತ್ತಾಗಿದೆ. ಹೊಸ ಪ್ರಾಫೆಟ್-೫ರಲ್ಲಿ ಅವರು ಎರಡು ಫಿಲ್ಟರುಗಳನ್ನೂ ಇಟ್ಟರು: ಒಂದು ಕರ್ಟಿಸ್ ಅವರದು, ಇನ್ನೊಂದು ಹಳೆಯ ಚಿಪ್‌ನ ವಂಶದ್ದೇ ಆದ, ಅದೇ ಡೇವ್ ರಾಸಮ್ ಅವರು ಹೊಸದಾಗಿ ರೂಪಿಸಿದ್ದು. ಯಾವುದು ಬೇಕೆಂದು ಆಯಲು ಒಂದು ಸ್ವಿಚ್ಚು. ಅಷ್ಟಕ್ಕೆ ನಿಲ್ಲದೆ, ‘ವಿಂಟೇಜ್’ ಎಂಬ ಹೆಸರಿನ ತಿರುಗುಣಿಯೊಂದನ್ನು ಕೂಡಿಸಿದರು. ಅದರ ಮೇಲೆ ನಾಲ್ಕರಿಂದ ಒಂದರವರೆಗೆ ಅಂಕೆಗಳು. ನಾಲ್ಕರಲ್ಲಿಟ್ಟರೆ ಹತ್ತೂ ಆಂದೋಲಕಗಳು ಶಿಸ್ತಿನಿಂದ ನಿಲ್ಲುತ್ತವೆ. ಒಂದರ ಕಡೆಗೆ ತಿರುಗಿಸಿದಂತೆಲ್ಲ ಅವು ಹಳೆಯ ಆವೃತ್ತಿಗಳಂತೆ ಒಂದೊಂದು ದಾರಿ ಹಿಡಿಯುತ್ತವೆ. ಯಾವ ಜಾರುವಿಕೆಯನ್ನು ಕಳೆಯಲೆಂದು ೧೯೮೦ರಲ್ಲಿ ಇಡೀ ವಾದ್ಯವನ್ನು ಬಿಚ್ಚಿ ಕಟ್ಟಿದ್ದರೋ ಅದನ್ನೇ ಈಗ ಅಳತೆ ಹಾಕಿ ಬಡಿಸುವ ಏರ್ಪಾಡು. ಒತ್ತಡಕ್ಕೆ ತಕ್ಕಂತೆ ಧ್ವನಿ ಬದಲಾಗುವ ಮನೆಗಳು, ಮಿಡಿ, ನಾಲ್ಕು ನೂರು ಧ್ವನಿಗಳ ನೆನಪು ಇವೂ ಸೇರಿದುವು. ಬೆಲೆ ೩,೪೯೯ ಡಾಲರ್. ನಡುವೆ ಡಾಲರಿನ ಮೌಲ್ಯ ಇಳಿದುದನ್ನು ಲೆಕ್ಕ ಹಾಕಿದರೆ ೧೯೭೮ರ ಬೆಲೆಯ ಕಾಲುಭಾಗಕ್ಕೂ ಕಡಿಮೆ.

ಸ್ಮಿತ್ ಅವರು ೨೦೨೨ರ ಮೇ ತಿಂಗಳ ಕೊನೆಯ ದಿನ ತೀರಿಕೊಂಡರು. ಅವರು ಬಿಟ್ಟುಹೋದ ನಾಲ್ಕನೆಯ ಆವೃತ್ತಿಯಿಂದ ವಾದಕರ ಚರ್ಚೆ ಮುಗಿಯಿತೆಂದು ವಾಚಕರು ಎಣಿಸಬಾರದು. ಅಳೆದು ಬಡಿಸಿದ ಜಾರುವಿಕೆಯೂ ತಾನಾಗಿ ಬಂದ ಜಾರುವಿಕೆಯೂ ಒಂದೇ ಅಲ್ಲವೆಂದು ಹಳೆಯದನ್ನು ಬಿಡದವರು ಇದ್ದಾರೆ. ಅವರಿಗೆ ನಾವು ನೆನಪಿಸುವುದು ಒಂದೇ. ಹಳೆಯ ಪ್ರಾಫೆಟ್‌ನ ನೆನಪನ್ನು ಕಾಯುವುದು ಅದರೊಳಗಿರುವ ಒಂದು ಸಣ್ಣ ಬ್ಯಾಟರಿ. ಅದು ತೀರಿದ ದಿನ ಧ್ವನಿಗಳೆಲ್ಲ ಅಳಿಸಿಹೋಗುತ್ತವೆ. ಹಳೆಯ ವಾದ್ಯವನ್ನು ಉಳಿಸಿಕೊಳ್ಳಲು ನಿಶ್ಚಯಿಸಿದವನು ಮೊದಲು ಮಾಡತಕ್ಕ ಕೆಲಸವೆಂದರೆ, ತನ್ನ ತಿರುಗುಣಿಗಳ ಸ್ಥಾನಗಳನ್ನು ಒಂದು ನೋಟುಪುಸ್ತಕದಲ್ಲಿ ಅಂದವಾಗಿ ಬರೆದಿಟ್ಟು, ಮತ್ತೆ ಬಲ್ಲವರನ್ನು ಕರೆಸಿ ಆ ಬ್ಯಾಟರಿಯನ್ನು ಬದಲಿಸುವುದು.